ಮುಟ್ಟು ನಿಂತವರಿಗಾಗಿ ಮೂರು ತಿಂಗಳ ಪ್ಯಾಕೇಜು: ತರಗತಿಗೆ ಹಣ ಕೊಡಬಹುದು, ಡಬ್ಬಿಗಳಿಗೆ ಬೇಡ

ಮೈಸೂರಿನಲ್ಲಿ ನಮ್ಮ ಬಡಾವಣೆಯ ವ್ಯಾಯಾಮ ಕೇಂದ್ರವೊಂದು ಮುಟ್ಟು ನಿಂತವರಿಗೆಂದೇ ಮೂರು ತಿಂಗಳ ಪ್ಯಾಕೇಜನ್ನು ನಡೆಸುತ್ತಿದೆ. ವಾರಕ್ಕೆ ನಾಲ್ಕು ದಿನ ಬೆಳಗಿನ ತರಗತಿ, ಸೇರುವಾಗ ಆಯುರ್ವೇದ ವೈದ್ಯೆಯೊಬ್ಬರ ಸಲಹೆ, ಪ್ರತಿ ತಿಂಗಳೂ ಗಿಡಮೂಲಿಕೆಗಳ ಮೂರು ಡಬ್ಬಿಗಳಿರುವ ಒಂದು ಕಿಟ್, ಇವಿಷ್ಟೂ ಸೇರಿ 13,500 ರೂಪಾಯಿ. ಬಿಡಿಬಿಡಿಯಾಗಿ ಲೆಕ್ಕ ಕೊಡಿ ಎಂದು ಕೇಳಿದಾಗ ತರಗತಿಯ ಪಾಲು 5,400, ಉಳಿದ 8,100 ಕಿಟ್‌ನದು ಎಂದು ತಿಳಿಯಿತು. ನಾನೂ ನನ್ನ ನಾದಿನಿಯೂ ಒಟ್ಟಿಗೆ ಸೇರಿ ಅವಧಿ ಮುಗಿಸಿದ್ದೇವೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಇದರಲ್ಲಿ ಕೆಲಸ ಮಾಡುವುದು ಕಡಿಮೆ ಬೆಲೆಯ ಭಾಗ. ಹೆಸರು ಗಳಿಸುವುದು ಹೆಚ್ಚು ಬೆಲೆಯ ಭಾಗ. ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಇದೇ ಬಗೆಯ ಜೋಡಿ ಮಾರಾಟ ಬೇರೆ ಊರುಗಳಲ್ಲಿಯೂ ನಡೆಯುತ್ತಿದ್ದು, ಇಲ್ಲಿ ಹೇಳುವ ಬಹುತೇಕ ಮಾತುಗಳು ಅವುಗಳಿಗೂ ಅನ್ವಯಿಸುತ್ತವೆ.

ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ವೈದ್ಯರು ಲೆಕ್ಕ ಹಾಕುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ 51ನೇ ವಯಸ್ಸಿಗೆ ಬಂದರೆ, ಭಾರತದ ಹೆಂಗಸರಿಗೆ ಸುಮಾರು 46-47ಕ್ಕೇ ಬರುತ್ತದೆ. ಅಂದರೆ ಈಸ್ಟ್ರೊಜೆನ್ ಹಾರ್ಮೋನಿನ ಆಸರೆಯಿಲ್ಲದೆ ನಮ್ಮ ಮೂಳೆಗಳು ಕಳೆಯಬೇಕಾದ ವರ್ಷಗಳು ಅಷ್ಟು ಹೆಚ್ಚು. ಮುಟ್ಟು ನಿಂತ ನಂತರದ ಐದಾರು ವರ್ಷಗಳಲ್ಲಿ ಮೂಳೆ ಸವೆಯುವ ವೇಗ ಬಹಳ ಹೆಚ್ಚಾಗಿರುತ್ತದೆ, ಕೆಲವರಲ್ಲಿ ಮೂಳೆಯ ಸಾಂದ್ರತೆಯ ಐದನೇ ಒಂದು ಭಾಗದವರೆಗೂ ಈ ಅವಧಿಯಲ್ಲಿಯೇ ಹೋಗಿಬಿಡುತ್ತದೆ. ಇದು ನೋವು ಕೊಡುವುದಿಲ್ಲ, ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಮೈಯೆಲ್ಲ ಬಿಸಿಯೇರಿ ಬೆವರುವುದು, ನಡುರಾತ್ರಿ ಎಚ್ಚರವಾಗುವುದು, ಕೀಲು ಹಿಡಿಯುವುದು, ಕಾರಣವಿಲ್ಲದೆ ಸಿಡುಕು ಬರುವುದು. ಮಾರುಕಟ್ಟೆಯೂ ಗೊತ್ತಾಗುವ ಈ ತೊಂದರೆಗಳನ್ನೇ ಹಿಡಿದು ಮಾತಾಡುತ್ತದೆ. ಸುಶ್ರುತ ಸಂಹಿತೆಯಲ್ಲಿ ರಜಸ್ಸು ಹನ್ನೆರಡರಲ್ಲಿ ತೊಡಗಿ ಐವತ್ತರ ಹೊತ್ತಿಗೆ ಕ್ಷೀಣಿಸುತ್ತದೆ ಎಂದಷ್ಟೇ ಹೇಳಿದೆ, ಅದನ್ನೊಂದು ರೋಗವೆಂದು ಹೇಳಿಲ್ಲ. ಆದರೆ ಕೇಂದ್ರದ ಫಲಕದಲ್ಲಿ ಆಯುರ್ವೇದದ ಹೆಸರಿನಲ್ಲಿಯೇ "ಋತುಬಂಧದಿಂದ ಮುಕ್ತಿ" ಎಂದು ಬರೆಸಿದ್ದಾರೆ.

ಗಿಡಮೂಲಿಕೆಗಳಿಗೆ ಇಷ್ಟು ಬೇಡಿಕೆ ಬಂದದ್ದಕ್ಕೆ ಒಂದು ಇತಿಹಾಸವಿದೆ. ಅಮೆರಿಕದಲ್ಲಿ ಋತುಬಂಧ ದಾಟಿದ 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ಹಾರ್ಮೋನ್ ಚಿಕಿತ್ಸೆಯ (ಕಡಿಮೆಯಾದ ಹಾರ್ಮೋನನ್ನು ಮಾತ್ರೆಯಾಗಿ ಕೊಡುವುದು) ದೊಡ್ಡ ಪ್ರಯೋಗವನ್ನು, ಸ್ತನ ಕ್ಯಾನ್ಸರ್ ಮತ್ತು ಹೃದಯದ ತೊಂದರೆಗಳ ಅಪಾಯ ಹೆಚ್ಚಾಗಿ ಕಂಡಿತೆಂದು, 2002ರ ಜುಲೈನಲ್ಲಿ ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಆ ಸುದ್ದಿಯ ನಂತರ ಜಗತ್ತಿನೆಲ್ಲೆಡೆ ಹಾರ್ಮೋನ್ ಮಾತ್ರೆಗಳ ಬಳಕೆ ಕುಸಿದು, ಆ ಜಾಗಕ್ಕೆ "ನೈಸರ್ಗಿಕ" ಎಂಬ ಹಣೆಪಟ್ಟಿಯ ಡಬ್ಬಿಗಳು ಬಂದವು. ಅಪಾಯ ಎಲ್ಲ ವಯಸ್ಸಿನವರಿಗೂ ಒಂದೇ ಅಲ್ಲ, ಅರವತ್ತಕ್ಕೆ ಒಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷ ಆಗದವರಿಗೆ ಅದು ಕಡಿಮೆ ಎಂದು ಮುಂದಿನ ವಿಶ್ಲೇಷಣೆಗಳಲ್ಲಿ ತಿಳಿದುಬಂದರೂ, ಭಯ ಹೋದಷ್ಟು ದೂರ ಈ ತಿದ್ದುಪಡಿ ಹೋಗಲಿಲ್ಲ. ಪ್ಯಾಕೇಜಿನ ಪರಿಚಯದ ದಿನ ನಮಗೆ ಕೇಳಿಸಿದ ಮೊದಲ ವಾಕ್ಯವೂ "ಹಾರ್ಮೋನ್ ತಗೊಂಡ್ರೆ ಕ್ಯಾನ್ಸರ್ ಬರುತ್ತೆ ಆಂಟಿ, ಇದರಲ್ಲಿ ಅಂಥದ್ದೇನೂ ಇಲ್ಲ" ಎಂಬುದೇ ಆಗಿತ್ತು.

ತರಗತಿಯ ವಿಷಯಕ್ಕೆ ಬರುತ್ತೇನೆ. ಬೆಳಗ್ಗೆ ಆರೂವರೆಯಿಂದ ಏಳೂವರೆಯವರೆಗೆ, ಒಂದು ತಂಡದಲ್ಲಿ ಹನ್ನೆರಡು ಜನಕ್ಕಿಂತ ಹೆಚ್ಚಿಲ್ಲ. ಚೂಡಿದಾರದಲ್ಲಿಯೇ ಬರಬಹುದು, ಟ್ರ್ಯಾಕ್ ಪ್ಯಾಂಟ್ ಹಾಕಲೇಬೇಕೆಂಬ ಒತ್ತಾಯವಿಲ್ಲ. ದುಪಟ್ಟಾ ಮಾತ್ರ ತೆಗೆದಿಡಬೇಕು. ಹೇಳಿಕೊಡುವ ಹುಡುಗಿ ದೈಹಿಕ ಶಿಕ್ಷಣದಲ್ಲಿ ಪದವಿ ಪಡೆದವಳು, ಚೆನ್ನಾಗಿ ಗಮನಿಸುತ್ತಾಳೆ. ಮೊದಲ ವಾರ ಆಕೆ ಮಾಡಿಸಿದ್ದು ಒಂದೇ ಕೆಲಸ: ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, ಎಲ್ಲಿಯೂ ಊರಿಕೊಳ್ಳದೆ, ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಮತ್ತೆ ನಿಧಾನವಾಗಿ ಕೂರುವುದು. ಕೇಳಲು ಸುಲಭ. ಕೂರುವಾಗ ದೇಹವನ್ನು ಧೊಪ್ಪನೆ ಬಿಡದೆ ತಡೆದು ಹಿಡಿಯಬೇಕೆಂದಾಗ ತಂಡದ ಅರ್ಧ ಜನರ ತೊಡೆ ನಡುಗುತ್ತಿತ್ತು, ನನ್ನದೂ ನಡುಗುತ್ತಿತ್ತು. "ಸೊಂಟ ಹಿಂದಕ್ಕೆ ಆಂಟಿ, ಮಂಡಿ ಒಳಗೆ ಬೀಳಬಾರದು" ಎಂದು ಒಬ್ಬೊಬ್ಬರ ಪಕ್ಕದಲ್ಲೂ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದಳು. ಎರಡನೇ ತಿಂಗಳಲ್ಲಿ ನೆಲದ ಮೇಲಿಟ್ಟ ಭಾರವನ್ನು ಬೆನ್ನು ಬಾಗಿಸದೆ ಎತ್ತುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಹಿಮ್ಮಡಿ ಎತ್ತಿ ಕುಕ್ಕುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು ಸೇರಿಕೊಂಡವು. ಇಪ್ಪತ್ತೈದು ಕಿಲೋ ಸೋನಾ ಮಸೂರಿ ಚೀಲವನ್ನು ಡಿಕ್ಕಿಯಿಂದ ಇಳಿಸಲು ಮಗನನ್ನು ಕೂಗುತ್ತಿದ್ದ ನಾದಿನಿ, ಅವಧಿ ಮುಗಿಯುವ ಹೊತ್ತಿಗೆ ಅದನ್ನು ತಾನೇ ಇಳಿಸಿದಳು. ಈ ಪ್ಯಾಕೇಜಿನಲ್ಲಿ ಕಣ್ಣಿಗೆ ಕಾಣುವಂತೆ ಅಳೆಯಬಹುದಾದ ಫಲವೆಂದರೆ ಇಂಥದ್ದೇ.

ಮೂಳೆಗೆ ಬೇಕಾದದ್ದು ಭಾರ. ಭಾರ ಬಿದ್ದ ಕಡೆ ಮೂಳೆ ಕಟ್ಟುವ ಜೀವಕೋಶಗಳು ಚುರುಕಾಗುತ್ತವೆ. ಬೀಳದಿದ್ದರೆ ಶರೀರ ಆ ಮೂಳೆಯನ್ನು ಕರಗಿಸಿ ಬೇರೆ ಕೆಲಸಕ್ಕೆ ಬಳಸುತ್ತದೆ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಸಂಶೋಧಕರು ಮೂಳೆ ಸವೆದಿದ್ದ, 58 ವರ್ಷ ದಾಟಿದ 101 ಮಹಿಳೆಯರ ಮೇಲೆ ಎಂಟು ತಿಂಗಳ ಪ್ರಯೋಗ ನಡೆಸಿದ್ದರು. ಒಂದು ಗುಂಪಿನವರು ವಾರಕ್ಕೆರಡು ಸಲ, ಪ್ರತಿ ಸಲ ಕೇವಲ ಅರ್ಧ ಗಂಟೆ, ತರಬೇತುದಾರರ ಕಣ್ಗಾವಲಿನಲ್ಲಿ ತಮ್ಮ ಗರಿಷ್ಠ ಸಾಮರ್ಥ್ಯದ ಶೇ 85ಕ್ಕಿಂತ ಹೆಚ್ಚು ಭಾರವನ್ನು ಎತ್ತಿದರು, ಜಿಗಿದು ಇಳಿದರು. ಅವರ ಕೆಳಬೆನ್ನಿನ ಮೂಳೆಯ ಸಾಂದ್ರತೆ ಶೇ 2.9ರಷ್ಟು ಏರಿತು, ಮನೆಯಲ್ಲಿಯೇ ಹಗುರ ವ್ಯಾಯಾಮ ಮಾಡಿಕೊಂಡಿದ್ದ ಇನ್ನೊಂದು ಗುಂಪಿನವರದು ಶೇ 1.2ರಷ್ಟು ಇಳಿಯಿತು. ಕುಕ್ಕರಹಳ್ಳಿ ಕೆರೆಯ ಸುತ್ತ ದಿನಾ ನಡೆಯುವವರಿಗೆ ಇದು ಸ್ವಲ್ಪ ನಿರಾಸೆಯ ಸಂಗತಿ. ನಡಿಗೆ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು. ಆದರೆ ಬೆನ್ನುಮೂಳೆಯನ್ನು ಗಟ್ಟಿಮಾಡಲು ಅದೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿಯೂ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದಿದೆ, 65 ದಾಟಿದವರಿಗೆ ಬೀಳದಂತೆ ಸಮತೋಲನದ ಅಭ್ಯಾಸ ಮೂರು ದಿನ ಬೇಕೆಂದಿದೆ.

ನಮ್ಮ ಕೇಂದ್ರದ ಮುಖ್ಯ ಕೊರತೆ ಇಲ್ಲಿಯೇ ಇದೆ. ಹೆಂಗಸರ ತಂಡವೆಂದ ಕೂಡಲೇ ಎರಡು ಕಿಲೋ ಗುಲಾಬಿ ಬಣ್ಣದ ಡಂಬೆಲ್‌ಗಳನ್ನು ತಂದಿಟ್ಟಿದ್ದಾರೆ. ಐದು ಕಿಲೋ ದಾಟಿದವು ಕೆಳಗಿನ ಮಹಡಿಯ ಗಂಡಸರ ವಿಭಾಗದಲ್ಲಿವೆ. ನೀರು ತುಂಬಿದ ಬಿಂದಿಗೆ ಇದಕ್ಕಿಂತ ಭಾರವಿರುತ್ತದಲ್ಲವೇ ಎಂದು ತಂಡದ ಹಿರಿಯರೊಬ್ಬರು ಕೇಳಿದ ಮೇಲೆ ಹುಡುಗಿ ನಗುತ್ತಾ ಕೆಳಗಿನಿಂದ ಎಂಟು ಮತ್ತು ಹನ್ನೆರಡು ಕಿಲೋದ ಕೆಟಲ್‌ಬೆಲ್‌ಗಳನ್ನು (ಮೇಲೆ ಹಿಡಿಯಿರುವ ಕಬ್ಬಿಣದ ಗುಂಡುಗಳನ್ನು) ಹೊತ್ತು ತಂದಳು. ಅವು ತರಗತಿ ಮುಗಿದೊಡನೆ ವಾಪಸು ಹೋಗಬೇಕು. ಭಾರವನ್ನು ಹಂತಹಂತವಾಗಿ ಏರಿಸದ ತರಗತಿ ಎರಡನೇ ತಿಂಗಳಿಂದ ಬರೀ ಕಸರತ್ತಾಗಿಬಿಡುತ್ತದೆ, ಆದ್ದರಿಂದ ಸೇರುವ ಮೊದಲು ಡಂಬೆಲ್ ಇಟ್ಟ ಸ್ಟ್ಯಾಂಡಿನತ್ತ ಒಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದು.

ಎರಡನೆಯ ಕೊರತೆ ಇದಕ್ಕಿಂತ ಗಂಭೀರವಾದದ್ದು. ವಾರದ ನಾಲ್ಕು ದಿನಗಳಲ್ಲಿ ಒಂದು ದಿನ ಯೋಗಾಸನವಿದ್ದು, ಅದನ್ನು ಬೇರೆ ಶಿಕ್ಷಕರು ನಡೆಸುತ್ತಾರೆ. ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಹಣೆ ಮಂಡಿಗೆ ತಾಗಲೆಂದು ಬೆನ್ನ ಮೇಲೆ ಕೈಯಿಟ್ಟು ಒತ್ತುವುದು ಅವರ ಪದ್ಧತಿ. ಬೆನ್ನುಮೂಳೆ ಸವೆದವರಿಗೆ ಇದು ಅಪಾಯ. ಅಮೆರಿಕದ ಮೇಯೋ ಕ್ಲಿನಿಕ್‌ನವರು ಮೂಳೆ ಸವೆತವಿದ್ದ 59 ಮಹಿಳೆಯರನ್ನು ಹಲವು ವರ್ಷ ಗಮನಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೆನ್ನನ್ನು ಹಿಂದಕ್ಕೆ ಬಾಗಿಸುವ ವ್ಯಾಯಾಮ ಮಾಡಿದವರಲ್ಲಿ ಶೇ 16ರಷ್ಟು ಮಂದಿಗೆ ಬೆನ್ನುಮೂಳೆಯಲ್ಲಿ ಹೊಸ ಕುಸಿತ ಕಂಡುಬಂದರೆ, ಮುಂದಕ್ಕೆ ಬಾಗುವ ವ್ಯಾಯಾಮವನ್ನಷ್ಟೇ ಮಾಡಿದವರಲ್ಲಿ ಶೇ 89ರಷ್ಟು ಮಂದಿಗೆ ಕಂಡುಬಂದಿತ್ತು. ಅಧ್ಯಯನ ಸಣ್ಣದು, ಹಳೆಯದು. ಆದರೂ ಎಚ್ಚರಿಕೆಗೆ ಸಾಕು. ಭುಜಂಗಾಸನ, ಶಲಭಾಸನ, ವೀರಭದ್ರಾಸನಗಳಿಗೆ ಇಂಥ ತಕರಾರಿಲ್ಲ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಬರುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ಸೊರಗಿದೆ ಎಂದೂ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆದು ಸುಲಭವಾಗಿ ಮುರಿಯುವ ಆಸ್ಟಿಯೊಪೊರೋಸಿಸ್ ಎಂದೂ ಅರ್ಥ. ಸೇರಿಸಿಕೊಳ್ಳುವಾಗ ತೂಕ, ಸೊಂಟದ ಸುತ್ತಳತೆ, ವಾಟ್ಸ್ಆ್ಯಪ್ ನಂಬರು ಎಲ್ಲ ಬರೆದುಕೊಂಡ ಕೇಂದ್ರದವರು ಡೆಕ್ಸಾ ರಿಪೋರ್ಟ್ ಇದೆಯೇ ಎಂದು ಯಾರನ್ನೂ ಕೇಳಲಿಲ್ಲ. ನನ್ನ ರಿಪೋರ್ಟನ್ನು ನಾನೇ ಒಯ್ದು ತೋರಿಸಿದ ಮೇಲೆ ನನ್ನನ್ನು ಮಾತ್ರ ಆ ಆಸನದಿಂದ ಬಿಟ್ಟರು. ಪಕ್ಕದ ಚಾಪೆಯವರ ಬೆನ್ನಿನ ಮೇಲಿನ ಒತ್ತುವಿಕೆ ಹಾಗೆಯೇ ಮುಂದುವರಿಯಿತು.

ವ್ಯಾಯಾಮದಿಂದ ಆಗದ್ದನ್ನೂ ಹೇಳಬೇಕು. ಮೈ ಬಿಸಿಯೇರುವುದು ಇದರಿಂದ ನಿಲ್ಲುತ್ತದೆ ಎಂದು ಕೇಂದ್ರದವರು ಭರವಸೆ ಕೊಡುತ್ತಾರೆ. ಉತ್ತರ ಅಮೆರಿಕದ ಋತುಬಂಧ ತಜ್ಞರ ಸಂಘ 2023ರಲ್ಲಿ ಹಾರ್ಮೋನೇತರ ಚಿಕಿತ್ಸೆಗಳ ಬಗ್ಗೆ ಹೊರಡಿಸಿದ ಹೇಳಿಕೆಯಲ್ಲಿ, ಬಿಸಿಯೇರಿಕೆಯನ್ನು ತಗ್ಗಿಸಲು ವ್ಯಾಯಾಮವನ್ನಾಗಲಿ ಯೋಗವನ್ನಾಗಲಿ ಶಿಫಾರಸು ಮಾಡಿಲ್ಲ, ಆ ಒಂದು ಕೆಲಸಕ್ಕೆ ಅವುಗಳ ಪುರಾವೆ ಸಾಲದು ಎಂಬ ಕಾರಣಕ್ಕೆ. ಅದೇ ಹೇಳಿಕೆಯಲ್ಲಿ ಸೋಯಾ, ಬ್ಲ್ಯಾಕ್ ಕೊಹೋಶ್ ಎಂಬ ಅಮೆರಿಕದ ಬೇರು ಮೊದಲಾದ ಗಿಡಮೂಲಿಕೆಗಳನ್ನೂ ಬೇಡವೆಂದಿದ್ದಾರೆ. ಆಲೋಚನೆಯ ರೀತಿಯನ್ನು ತಿದ್ದುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿಗೆ, ಕೆಲವು ಖಿನ್ನತೆಯ ಔಷಧಿಗಳಿಗೆ, ನರಗಳ ಔಷಧಿಯಾದ ಗಾಬಾಪೆಂಟಿನ್‌ಗೆ, ಬಿಸಿಯೇರಿಕೆಗೆಂದೇ ಹೊಸದಾಗಿ ಬಂದ ಫೆಜೊಲಿನೆಟಂಟ್ ಮಾತ್ರೆಗೆ ಒಪ್ಪಿಗೆ ಕೊಟ್ಟಿದ್ದಾರೆ. ಅಂದರೆ ರಾತ್ರಿ ಮೂರು ಸಲ ನೈಟಿ ಬದಲಿಸಬೇಕಾದ ಸ್ಥಿತಿಯಲ್ಲಿರುವವರು ಡಂಬೆಲ್ಲನ್ನೂ ನಂಬಿ ಕೂರಬೇಕಿಲ್ಲ, ಡಬ್ಬಿಯನ್ನೂ ನಂಬಿ ಕೂರಬೇಕಿಲ್ಲ. ಸ್ತ್ರೀರೋಗ ತಜ್ಞರ ಬಳಿ ಹೋಗಿ ಹಾರ್ಮೋನು ತಮಗೆ ಹೊಂದುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಬಹುದು. ಕೆಮ್ಮಿದರೆ, ನಕ್ಕರೆ ಮೂತ್ರ ಸೋರುವ ತೊಂದರೆಗೆ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಅಭ್ಯಾಸ ನಿಜಕ್ಕೂ ಉಪಯುಕ್ತ. ಅದನ್ನು ಈ ತರಗತಿಯಲ್ಲಿ ಹೇಳಿಕೊಡುವುದಿಲ್ಲ, ನಾಚಿಕೆಯ ವಿಷಯವೆಂದೋ ಏನೋ. ಮುಟ್ಟು ನಿಂತವರ ತರಗತಿಯಲ್ಲಿಯೇ ಅದಕ್ಕೆ ನಾಚಿದರೆ ಬೇರೆಲ್ಲಿ ಹೇಳಿಕೊಡಬೇಕು?

ಇನ್ನು ಕಿಟ್. ಅಶ್ವಗಂಧ, ಶತಾವರಿ, ಲೋಧ್ರ ಮತ್ತು ಅಶೋಕದ ಚಕ್ಕೆ ಸೇರಿದ ಕ್ಯಾಪ್ಸೂಲ್ ಒಂದು. ಹಾಲಿಗೆ ಬೆರೆಸಿ ಕುಡಿಯುವ ಶತಾವರಿಯ ಹರಳು ಪುಡಿ ಇನ್ನೊಂದು. ಅರಗು, ಮಂಗರಬಳ್ಳಿ, ಅರ್ಜುನದ ತೊಗಟೆ, ಗುಗ್ಗುಳ ಬೆರೆತ ಮೂಳೆಯ ಮಾತ್ರೆ ಮೂರನೆಯದು. ಡಬ್ಬಿಗಳು ಅಂದವಾಗಿವೆ, ಮುಚ್ಚಳ ತೆಗೆದರೆ ಒಳ್ಳೆಯ ಮೂಲಿಕೆಯ ವಾಸನೆಯೂ ಬರುತ್ತದೆ. ಹಿಂಬದಿಯ ಚೀಟಿಯನ್ನು ಓದಲು ಮಾತ್ರ ನನಗೆ ಕನ್ನಡಕದ ಜೊತೆಗೆ ಫೋನಿನ ಕ್ಯಾಮೆರಾವೂ ಬೇಕಾಯಿತು. ಹರಳು ಪುಡಿಯಲ್ಲಿ ಹತ್ತು ಗ್ರಾಂಗೆ ಶತಾವರಿ ಎರಡು ಗ್ರಾಂ, ಉಳಿದದ್ದು ಬಹುಪಾಲು ಸಕ್ಕರೆ. ದಿನಕ್ಕೆರಡು ಸಲ ಎರಡೆರಡು ಚಮಚ ಎಂದು ಬರೆದಿರುವುದನ್ನು ಪಾಲಿಸಿದರೆ, ಋತುಬಂಧದ ನಂತರ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿರುವ ಹೆಂಗಸಿಗೆ ದಿನವೂ ಅಷ್ಟು ಸಕ್ಕರೆಯನ್ನು ಆರೋಗ್ಯದ ಹೆಸರಿನಲ್ಲಿ ತಿನ್ನಿಸಿದಂತಾಗುತ್ತದೆ. ತಂಡದಲ್ಲಿ ಮಧುಮೇಹವಿದ್ದ ಇಬ್ಬರಿಗೂ ಇದೇ ಡಬ್ಬಿ ಬಂದಿತ್ತು.

ಕ್ಯಾಪ್ಸೂಲನ್ನು ನಾನು ತೆಗೆದುಕೊಳ್ಳಲಿಲ್ಲ. ನಾನು ಥೈರಾಯ್ಡ್ ಮಾತ್ರೆ ನುಂಗುವವಳು. ಅಶ್ವಗಂಧ ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನು ಏರಿಸಬಲ್ಲದೆಂದು ನಮ್ಮ ಮನೆಯ ಡಾಕ್ಟರು ಚೀಟಿ ನೋಡಿದೊಡನೆ ಬೇಡವೆಂದರು. ಸೇರುವಾಗಿನ ಐದು ನಿಮಿಷದ ಸಲಹೆಯಲ್ಲಿ ನಾಡಿ ಹಿಡಿದು, ನಾಲಿಗೆ ನೋಡಿ, ವಾತ ಹೆಚ್ಚಾಗಿದೆ ಎಂದ ವೈದ್ಯೆ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ವಿಚಾರಿಸಿರಲಿಲ್ಲ. ನಮ್ಮ ವಯಸ್ಸಿನ ಹತ್ತು ಹೆಂಗಸರನ್ನು ಸಾಲಾಗಿ ನಿಲ್ಲಿಸಿದರೆ ಥೈರಾಯ್ಡ್, ಬಿ.ಪಿ., ಸಕ್ಕರೆ ಈ ಮೂರರಲ್ಲಿ ಒಂದೂ ಇಲ್ಲದವರು ಸಿಗುವುದು ಕಷ್ಟ, ಹಾಗಿರುವಾಗ ಆ ಪ್ರಶ್ನೆಯನ್ನೇ ಕೇಳದ ಸಲಹೆಗೆ ಬೆಲೆಯಿಲ್ಲ. ಅಶ್ವಗಂಧದ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ: ಮುಟ್ಟು ನಿಲ್ಲುವ ಹೊಸ್ತಿಲಲ್ಲಿದ್ದ ಭಾರತೀಯ ಮಹಿಳೆಯರ ಮೇಲೆ ಎಂಟು ವಾರ ನಡೆದು 2021ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಅದರ ಬೇರಿನ ಸಾರ ತೆಗೆದುಕೊಂಡವರ ತೊಂದರೆಗಳು ಕಡಿಮೆಯಾದವೆಂದು ವರದಿಯಾಗಿದೆ. ನೂರು ಜನ, ಎಂಟು ವಾರ ಎಂಬುದು ಭರವಸೆ ಹುಟ್ಟಿಸುವಷ್ಟಾಯಿತು, ವರ್ಷಗಟ್ಟಲೆ ನುಂಗುವಷ್ಟಾಗಲಿಲ್ಲ. ಇನ್ನೊಂದು ಕಡೆ, ಅಪರೂಪವಾಗಿಯಾದರೂ ಅಶ್ವಗಂಧದಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಹಲವು ದೇಶಗಳಿಂದ ವರದಿಯಾಗಿವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ನಮ್ಮದೇ ಆಯುಷ್ ಸಚಿವಾಲಯ 2021ರಲ್ಲಿ ತಯಾರಕರಿಗೆ ಬೇರನ್ನಷ್ಟೇ ಬಳಸಿ, ಎಲೆಯನ್ನು ಬಳಸಬೇಡಿ ಎಂದು ಸೂಚಿಸಿತ್ತು. ಆದ್ದರಿಂದ ಚೀಟಿಯಲ್ಲಿ "ಬೇರು" ಎಂಬ ಪದವಿದೆಯೇ ಎಂದು ಹುಡುಕಬೇಕು. ಈ ಡಬ್ಬಿಯ ಮೇಲೆ ಬರೀ "ಅಶ್ವಗಂಧ ಸಾರ" ಎಂದಿತ್ತು.

ಅಶೋಕದ ವಿಷಯದಲ್ಲಿ ನನ್ನ ಆಕ್ಷೇಪ ಹೆಚ್ಚು ತೀವ್ರವಾದದ್ದು. ಅತಿಸ್ರಾವಕ್ಕೆ ಅಶೋಕದ ತೊಗಟೆಯ ಕಷಾಯ, ಅರಿಷ್ಟಗಳನ್ನು ಕೊಡುವ ರೂಢಿ ಹಳೆಯದು, ನಮ್ಮ ತಾಯಂದಿರೂ ಕುಡಿದವರೇ. ಆದರೆ ಮುಟ್ಟು ನಿಂತು ವರ್ಷ ಕಳೆದವರಿಗೆ ನಿಲ್ಲಿಸಬೇಕಾದ ಸ್ರಾವವೇ ಇರುವುದಿಲ್ಲ. ಹಾಗೊಂದು ವೇಳೆ ಒಂದು ಹನಿ ರಕ್ತ ಕಂಡರೂ ಅದಕ್ಕೆ ಕಾರಣ ಹುಡುಕಲೇಬೇಕು, ಏಕೆಂದರೆ ಅಂಥ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಕಿಟ್‌ನ ಜೊತೆಗಿರುವ ಮಡಿಕೆ ಕಾಗದದಲ್ಲಿ "ಅಪರೂಪಕ್ಕೆ ಕಾಣಿಸಿಕೊಳ್ಳುವ ಸ್ರಾವವನ್ನೂ ಹತೋಟಿಗೆ ತರುತ್ತದೆ" ಎಂದು ಅಚ್ಚಾಗಿದೆ. ಈ ಒಂದು ಸಾಲಿಗಾಗಿಯೇ ಕಿಟ್ ಅನ್ನು ಮಾರಾಟದಿಂದ ಹಿಂತೆಗೆಯಬೇಕು ಎಂದು ನಾನು ಕೇಂದ್ರಕ್ಕೆ ಲಿಖಿತವಾಗಿ ತಿಳಿಸಿದ್ದೇನೆ. ಮುಟ್ಟಿನ ದೋಷಗಳಿಗೂ ಗರ್ಭಕೋಶದ ರೋಗಗಳಿಗೂ ಔಷಧಿಯೆಂದು ಜಾಹೀರಾತು ಕೊಡುವುದನ್ನು 1954ರ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆಯೇ ತಡೆಯುತ್ತದೆ ಎಂಬುದು ಮುದ್ರಿಸಿದವರಿಗೆ ತಿಳಿಯದ್ದೇನಲ್ಲ.

ಮೂಳೆಯ ಮಾತ್ರೆಯಲ್ಲಿರುವ ಮೂಲಿಕೆಗಳು ಮುರಿದ ಮೂಳೆಗೆ ಪರಂಪರೆಯಿಂದ ಬಳಕೆಯಾದಂಥವು. ಮುರಿದದ್ದು ಕೂಡುವುದು ಬೇರೆ, ಇಡೀ ಅಸ್ಥಿಪಂಜರದ ಸಾಂದ್ರತೆ ಕಾಯುವುದು ಬೇರೆ. ಎರಡನೆಯದಕ್ಕೆ ಡೆಕ್ಸಾದಲ್ಲಿ ಅಳೆದು ತೋರಿಸಿದ ಪುರಾವೆಯನ್ನು ಕೇಳಿದಾಗ ನನಗೆ ಸಿಕ್ಕಿದ್ದು ಗ್ರಾಹಕರ ಹೊಗಳಿಕೆಯ ವಿಡಿಯೊಗಳು. ಮುಟ್ಟು ನಿಂತ ಮೇಲೆ ಏರುವ ಕೊಲೆಸ್ಟರಾಲನ್ನು ಗುಗ್ಗುಳ ಇಳಿಸುತ್ತದೆ ಎಂದೂ ಹೇಳಿದರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 103 ಜನರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗುಗ್ಗುಳದ ಸಾರ ತೆಗೆದುಕೊಂಡವರ ಕೆಟ್ಟ ಕೊಲೆಸ್ಟರಾಲ್ ಇಳಿಯುವ ಬದಲು ತುಸು ಏರಿತ್ತು.

ಕಿಟ್‌ನಲ್ಲಿಲ್ಲದ, ಆದರೆ ಕೌಂಟರಿನಲ್ಲಿ ಹೆಚ್ಚುವರಿಯಾಗಿ ಮಾರುವ ಸರಕುಗಳೂ ಇವೆ: ಬ್ಲ್ಯಾಕ್ ಕೊಹೋಶ್, ಸೋಯಾ ಐಸೊಫ್ಲೇವೊನ್, ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ. 351 ಮಹಿಳೆಯರನ್ನು ಒಂದು ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಮೆರಿಕದ ಪ್ರಯೋಗವೊಂದರಲ್ಲಿ ಬ್ಲ್ಯಾಕ್ ಕೊಹೋಶ್ ಆಗಲಿ, ಹಲವು ಮೂಲಿಕೆಗಳ ಮಿಶ್ರಣವಾಗಲಿ ಔಷಧಿಯಿಲ್ಲದ ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ಹಾರ್ಮೋನು ಮಾತ್ರ ಸ್ಪಷ್ಟವಾಗಿ ಕೆಲಸ ಮಾಡಿತು. ಬಿಸಿಯೇರಿಕೆಯ ಬಹುತೇಕ ಪ್ರಯೋಗಗಳಲ್ಲಿ ಹುಸಿ ಮಾತ್ರೆ ನುಂಗಿದವರಿಗೂ ಗಣನೀಯವಾಗಿ ಕಡಿಮೆಯಾಗುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಏಕೆಂದರೆ ಕಾಲ ಕಳೆದಂತೆ ಈ ತೊಂದರೆ ಬಹಳ ಜನರಲ್ಲಿ ತಾನಾಗಿಯೇ ತಗ್ಗುತ್ತದೆ, ನಂಬಿಕೆಯೂ ಅಷ್ಟಿಷ್ಟು ತಗ್ಗಿಸುತ್ತದೆ. ನನ್ನ ನಾದಿನಿ ಮೂರೂ ಡಬ್ಬಿಗಳನ್ನು ತಪ್ಪದೆ ಮುಗಿಸಿದಳು. "ಅತ್ತಿಗೆ, ನನಗೆ ನಿದ್ದೆ ಬಂದದ್ದು ಈ ಕ್ಯಾಪ್ಸೂಲಿನಿಂದಲೇ, ನೀವು ಸುಮ್ಮನೆ ಬಿಟ್ಟಿರಿ" ಎನ್ನುತ್ತಾಳೆ. ಒಂದೂ ನುಂಗದ ನನಗೂ ಅಷ್ಟೇ ಚೆನ್ನಾಗಿ ನಿದ್ದೆ ಬರುತ್ತಿದೆ, ಬೆಳಗ್ಗೆ ಆರೂವರೆಗೆ ತೊಡೆ ನಡುಗುವಂತೆ ಕೆಲಸ ಮಾಡಿದವರಿಗೆ ರಾತ್ರಿ ಹತ್ತಕ್ಕೆ ಕಣ್ಣು ಮುಚ್ಚುವುದು ಸಹಜ. ಇಬ್ಬರ ಅನುಭವದಿಂದ ಏನೂ ಸಿದ್ಧವಾಗುವುದಿಲ್ಲ ಎಂದು ಒಪ್ಪುತ್ತೇನೆ. ಆದರೆ ಎರಡನ್ನೂ ಜೋಡಿಸಿ ಮಾರಿದಾಗ ಫಲ ಯಾವುದರದೆಂದು ಕೊಂಡವರಿಗೆ ತಿಳಿಯುವ ದಾರಿಯೇ ಇರುವುದಿಲ್ಲ, ಮಾರುವವರಿಗೆ ಅದರಿಂದ ನಷ್ಟವೂ ಇಲ್ಲ.

ಪರವಾನಗಿಯ ವಿಚಾರದಲ್ಲಿ ಗೊಂದಲ ಬೇಡ. ಆಯುರ್ವೇದ ಔಷಧಿಯಾದರೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ತಯಾರಿಕೆಯ ಲೈಸೆನ್ಸ್ ನಂಬರು ಇರಬೇಕು; ಆಹಾರ ಪೂರಕವಾದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಹದಿನಾಲ್ಕು ಅಂಕಿಗಳ ನಂಬರು ಇರಬೇಕು. ಈ ಕಿಟ್‌ನಲ್ಲಿ ಕ್ಯಾಪ್ಸೂಲು ಮತ್ತು ಮಾತ್ರೆ ಮೊದಲನೆಯ ಬಗೆ, ಹರಳು ಪುಡಿ ಎರಡನೆಯ ಬಗೆ. ಎರಡೂ ನಂಬರುಗಳು ಸರಿಯಾಗಿವೆ, ಅದಕ್ಕೆ ಅಂಕ ಕೊಡುತ್ತೇನೆ. ಆದರೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಅದು ಋತುಬಂಧದ ತೊಂದರೆಗೆ ಫಲಕಾರಿ ಎಂದು ಯಾರೂ ಪ್ರಮಾಣಿಸಿದಂತಾಗುವುದಿಲ್ಲ. ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತ್ತೆಂದು 2004ರಲ್ಲಿ ವರದಿಯಾಗಿತ್ತು. ಹೀಗಾಗಿ ಆಯಾ ಬ್ಯಾಚಿನ ಭಾರಲೋಹ ಪರೀಕ್ಷೆಯ ವರದಿಯನ್ನು ಕೇಳುವುದು ಅತಿಯಾಯಿತೆಂದು ಯಾರೂ ಅಂದುಕೊಳ್ಳಬಾರದು. ನಾನು ಕೇಳಿದೆ, ಕಳಿಸುತ್ತೇವೆ ಎಂದರು, ಅವಧಿ ಮುಗಿದರೂ ಬಂದಿಲ್ಲ.

ಅದೇ 8,100 ರೂಪಾಯಿಯಲ್ಲಿ ಮೂಳೆಗೆ ಬೇಕಾದದ್ದನ್ನು ಅಡುಗೆಮನೆಯಿಂದ ಹೊಂದಿಸಿಕೊಳ್ಳಲು ನಮ್ಮ ನಾಡಿನವರಿಗೆ ಕಷ್ಟವೇನಿಲ್ಲ. ಮುಟ್ಟು ನಿಂತವರಿಗೆ ದಿನಕ್ಕೆ ಸುಮಾರು 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 350 ಮಿಲಿಗ್ರಾಂ ಆಸುಪಾಸು ಇದೆ, ದೊಡ್ಡ ಲೋಟ ಹಾಲಿನಲ್ಲಿ ಅಥವಾ ಮೊಸರಿನಲ್ಲಿ 240ರಷ್ಟು ಸಿಗುತ್ತದೆ, ಸಿಪ್ಪೆ ಸಹಿತವಾದ ಎಳ್ಳಿನಲ್ಲಿ ಧಾರಾಳವಾಗಿದೆ. ರಾಗಿಯನ್ನು ಮೊಳಕೆ ಕಟ್ಟಿ ಬೀಸಿಸಿದರೆ ಕ್ಯಾಲ್ಸಿಯಂ ಮೈಗೆ ಹತ್ತುವುದು ಇನ್ನಷ್ಟು ಸುಲಭ. ಮೂಳೆಯ ಮಾತ್ರೆಯಲ್ಲಿರುವ ಮಂಗರಬಳ್ಳಿ ಹಳ್ಳಿಯ ಬೇಲಿಗಳಲ್ಲಿ ಹಬ್ಬಿರುವಂಥದ್ದೇ. ಎಳೆಯ ತುದಿಗಳನ್ನು ಕೈಗೆ ಎಣ್ಣೆ ಸವರಿಕೊಂಡು, ನಾರು ತೆಗೆದು, ಚೆನ್ನಾಗಿ ಹುರಿದು, ಉದ್ದಿನಬೇಳೆ, ಒಣಮೆಣಸಿನಕಾಯಿ ಮತ್ತು ತುಸು ಹೆಚ್ಚೇ ಹುಣಸೆಹಣ್ಣು ಹಾಕಿ ರುಬ್ಬಬೇಕು. ಹುಣಸೆ ಕಡಿಮೆಯಾದರೆ ಗಂಟಲು ಕಡಿತ ಬರುತ್ತದೆ. ರುಚಿಗಾಗಿ ತಿನ್ನಿ, ಔಷಧಿಯೆಂದು ತಿನ್ನಬೇಡಿ. ಅಗಸೆಯ ಬಗ್ಗೆಯೂ ಇದೇ ಮಾತು. ಉತ್ತರ ಕರ್ನಾಟಕದ ಅಗಸಿ ಹಿಂಡಿ ಜೋಳದ ರೊಟ್ಟಿಗೆ ಸೊಗಸಾದ ಜೊತೆ, ನಾರು ಮತ್ತು ಒಳ್ಳೆಯ ಕೊಬ್ಬು ಅದರಲ್ಲಿವೆ. ಆದರೆ ಬಿಸಿಯೇರಿಕೆಗೆಂದು 188 ಮಹಿಳೆಯರಿಗೆ ಅಗಸೆಯ ತಿನಿಸನ್ನು ಆರು ವಾರ ಕೊಟ್ಟು ನೋಡಿದ ಪ್ರಯೋಗದಲ್ಲಿ ಅದರಿಂದ ವಿಶೇಷ ಲಾಭ ಕಾಣಲಿಲ್ಲ. ಊಟದಿಂದ ಸಾಲದೆಂದು ಡಾಕ್ಟರು ಕ್ಯಾಲ್ಸಿಯಂ ಮಾತ್ರೆ, ಡಿ ವಿಟಮಿನ್ ಬರೆದುಕೊಟ್ಟರೆ ಜನೌಷಧಿ ಕೇಂದ್ರದಲ್ಲಿ ತೀರಾ ಅಗ್ಗವಾಗಿ ದೊರೆಯುತ್ತವೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ನಾಲ್ಕು ಗಂಟೆ ಅಂತರವಿರಲಿ.

ಸೌಕರ್ಯಗಳ ಬಗ್ಗೆ ಎರಡು ಮಾತು. ಶೌಚಾಲಯ ಚೊಕ್ಕಟವಾಗಿದೆ, ಸ್ಕೂಟರ್ ನಿಲ್ಲಿಸಲು ಜಾಗವಿದೆ, ಮೊದಲ ಮಹಡಿಗೆ ಲಿಫ್ಟ್ ಇಲ್ಲ. ಶಿಕ್ಷಕಿ ರಜೆ ಹಾಕಿದ ದಿನ ತರಗತಿಯನ್ನು ರದ್ದು ಮಾಡುತ್ತಾರೆಯೇ ಹೊರತು ಬದಲಿ ದಿನ ಕೊಡುವುದಿಲ್ಲ. ನಮ್ಮ ಒಪ್ಪಿಗೆಯಿಲ್ಲದೆ ವ್ಯಾಯಾಮದ ಫೋಟೊಗಳನ್ನು ಸ್ಟೇಟಸ್‌ಗೆ ಹಾಕುತ್ತಿದ್ದರು. ಆಕ್ಷೇಪಿಸಿದ ಮೇಲೆ ನಿಲ್ಲಿಸಿದರು. ತೆರೆಯದ ಡಬ್ಬಿಗಳನ್ನು ಹಿಂದಕ್ಕೆ ಕೊಡಲು ಹೋದಾಗ ಹಣ ಮರಳಿಸಲು ಒಪ್ಪಲಿಲ್ಲ, ಅಷ್ಟೇ ಮೊತ್ತಕ್ಕೆ ತರಗತಿಯ ಅವಧಿಯನ್ನು ಮುಂದುವರಿಸಿಕೊಟ್ಟರು. ನನಗೆ ಅದು ಲಾಭದ ವ್ಯವಹಾರವೇ ಆಯಿತು. ನೀವು ಸೇರುವುದಾದರೆ ಡೆಕ್ಸಾ ಮಾಡಿಸಿ, ಸೇವಿಸುತ್ತಿರುವ ಮಾತ್ರೆಗಳ ಚೀಟಿ ಹಿಡಿದುಕೊಂಡು ಹೋಗಿ, ಯೋಗದ ದಿನ ಬೆನ್ನು ಒತ್ತಿಸಿಕೊಳ್ಳಬೇಡಿ. ಕಿಟ್ ಇಲ್ಲದೆ ಬರೀ ತರಗತಿಗೆ 5,400 ರೂಪಾಯಿ ಕಟ್ಟಿ ಸೇರುವುದಕ್ಕೂ ಅವಕಾಶವಿದೆ. ಅದನ್ನು ಫಲಕದಲ್ಲಿ ಬರೆದಿಲ್ಲ, ಕೌಂಟರಿನಲ್ಲಿ ನಾವಾಗಿಯೇ ಕೇಳಬೇಕು.